ಮಾವನ ಗಿಟಾರಿಗೆ ಕಟ್ಟಿದ ಕೆಂಪು ದಾರ

ನನ್ನ ಸೋದರಮಾವ ಮೂವತ್ತು ವರ್ಷ ಪೆಡಲ್ ಸ್ಟೀಲ್ ಗಿಟಾರ್ ನುಡಿಸಿದ, ಪೆಡಲ್ಲಿಗೆ ಕಾಲು ತಾಗಿಸದೆ. ಹೊಲಿಗೆ ಮಿಷನ್ನು ಮುಂದಿಟ್ಟುಕೊಂಡು ಕೈಸೂಜಿಯಲ್ಲಿ ಹೊಲಿದ ಹಾಗೆ. ಇದು ನನಗೆ ಗೊತ್ತಾದಾಗ ಅವನಿಗೆ ಅರವತ್ತೆರಡು, ನನಗೆ ನಲವತ್ತೇಳು. ಇಬ್ಬರಿಗೂ ನಾಚಿಕೆಯಾಗಬೇಕಿತ್ತು. ಅವನಿಗಂತೂ ಆಗಲಿಲ್ಲ.

ಗಿಟಾರ್ ಅಂದಕೂಡಲೇ ಕುತ್ತಿಗೆಗೆ ನೇತುಹಾಕಿಕೊಳ್ಳುವುದನ್ನು ನೆನೆಯಬೇಡಿ. ಇದು ನಾಲ್ಕು ಕಾಲಿನ ಕಿರಿದಾದ ಮೇಜು. ಮೇಲೆ ಹತ್ತು ತಂತಿ. ಹಿಂದೆ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ಹೆಬ್ಬೆರಳು ದಪ್ಪದ ಉಕ್ಕಿನ ಬಾರ್ ಹಿಡಿದು ತಂತಿಗಳ ಮೇಲೆ ಜಾರಿಸುತ್ತ, ಬಲಗೈಯಲ್ಲಿ ಮೀಟಬೇಕು. ಬಾರ್ ಎಲ್ಲಿ ನಿಂತಿದೆ ಎಂದು ತಿಳಿಯಲು ತಂತಿಗಳ ಕೆಳಗೆ ಗೆರೆಗಳಿವೆ, ಎಡದಿಂದ ಒಂದು, ಎರಡು, ಮೂರು ಎಂದು. ಕಾಲಿನ ಬಳಿ ಮೂರು ಪೆಡಲ್, ಮಂಡಿಯ ಬಳಿ ಒಂದೆರಡು ಲಿವರ್; ಇವನ್ನು ಒತ್ತಿದರೆ ಕೆಲವು ತಂತಿಗಳು ಬಿಗಿದು ಸ್ವರ ಏರುತ್ತದೆ. ದೂರದಿಂದ ನೋಡಿದವರಿಗೆ ಇಸ್ತ್ರಿ ಮೇಜು. ಕಲ್ಯಾಣದುರ್ಗದ ಮನೆಯಲ್ಲಿ ಅತ್ತೆ ಅದರ ಪೆಟ್ಟಿಗೆಯ ಮೇಲೆ ನಿಜವಾಗಿಯೂ ಇಸ್ತ್ರಿ ಮಾಡುತ್ತಿದ್ದಳು.

ಮಾವನಿಗೆ ಕಲ್ಯಾಣದುರ್ಗದಲ್ಲಿ ಪೇಂಟು, ಮೊಳೆ, ಪೈಪುಗಳ ಅಂಗಡಿ. ಮದುವೆಗಳ ಕಾಲದಲ್ಲಿ ಮಾತ್ರ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು. ಈ ವಸ್ತು ಅವನ ಕೈಗೆ ಹೇಗೆ ಬಂತು ಎನ್ನುವುದಕ್ಕೆ ಎರಡು ಕತೆಗಳಿವೆ. ಬೆಂಗಳೂರಿನಿಂದ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿಯ ಇಂಜಿನಿಯರು ಇವನ ವಾದನಕ್ಕೆ ತಲೆದೂಗಿ ಕೊಟ್ಟುಹೋದ ಎಂಬುದು ಮಾವನ ಕತೆ. ಹಳೇ ಸಾಮಾನಿನ ಅಂಗಡಿಯವನೊಬ್ಬ ಜಾಗ ಖಾಲಿಯಾಗಲೆಂದು ಇವನ ತಲೆಗೆ ಕಟ್ಟಿದ ಎಂಬುದು ಅತ್ತೆಯದು. ನಾನು ಹಿಂದೂಪುರದ ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುವವಳು. ಎರಡು ಆಕರಗಳು ಜಗಳವಾಡಿದರೆ ಮೂರನೆಯದನ್ನು ನೋಡಿ ಎಂದು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಇಲ್ಲಿ ಮೂರನೆಯ ಆಕರ ನನ್ನ ಡೈರಿ. ಅದರಲ್ಲಿ ಆ ವರ್ಷವೆಲ್ಲ ನನ್ನ ಗಣಿತದ ಮಾರ್ಕ್ಸಿನ ಗೋಳು ಬಿಟ್ಟರೆ ಬೇರೇನೂ ಇಲ್ಲ.

ಪೆಡಲ್ಲಿನ ಕತೆಗೆ ಮಾತ್ರ ಸಾಕ್ಷಿಗಳು ಹೆಚ್ಚು. ರಾಯದುರ್ಗದ ಒಂದು ಮದುವೆಯಲ್ಲಿ ಮಾವ ಮೊದಲ ಸಲ ಪೆಡಲ್ ತುಳಿದ. ಯಾವ ತಂತಿ ಎಷ್ಟು ಏರುತ್ತದೆಂದು ಅವನಿಗೇನು ಗೊತ್ತು? ಹಾಡುಗಾರ್ತಿ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ ಹೋಗಿ, ಗಂಡಿನ ಕಡೆಯವರು ಬಿದ್ದುಬಿದ್ದು ನಕ್ಕರು. ಮಾರನೆಯ ಬೆಳಿಗ್ಗೆಯೇ ಮಾವ ಪೆಡಲ್ಲಿಗೂ ಗಿಟಾರಿಗೂ ನಡುವೆ ಇದ್ದ ಮೂರು ಸರಳುಗಳನ್ನು ಕಿತ್ತು, ಹಳೇ ಲುಂಗಿಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದ. ಆಮೇಲೆ ಪೆಡಲ್ ಯಾತಕ್ಕೆ ಎಂದು ಯಾರಾದರೂ ಕೇಳಿದರೆ "ಅದು ಎಕೋಗೆ" ಅನ್ನುತ್ತಿದ್ದ. ಆ ಮದುವೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು ಎಂದು ಅವನ ಆರೋಪ. ನನಗೂ ನೆನಪಿದೆ: ನಗು ತಡೆಯಲು ಬಾಯಿಗೆ ಲಂಗದ ಅಂಚು ತುರುಕಿಕೊಂಡದ್ದು, ಅದಕ್ಕೆ ಹತ್ತಿದ್ದ ಕೇಸರಿಬಾತಿನ ತುಪ್ಪದ ವಾಸನೆ. ಆದರೆ ಡೈರಿಯಲ್ಲಿ ಆ ದಿನ "ಜ್ವರ, ಮದುವೆಗೆ ಹೋಗಲಿಲ್ಲ" ಎಂದಿದೆ. ಲಿಖಿತ ದಾಖಲೆಯನ್ನು ನಂಬೋಣವೆಂದರೆ, ಹದಿನೈದರ ವಯಸ್ಸಿನಲ್ಲಿ ನನ್ನ ಡೈರಿಯನ್ನು ಅಪ್ಪ ಓದುತ್ತಿದ್ದರು. ಅದು ನನಗೂ ಗೊತ್ತಿತ್ತು. ಹಾಗಾಗಿ ಆ ದಾಖಲೆಯೂ ಅಷ್ಟಕ್ಕಷ್ಟೇ.

ಎರಡು ವರ್ಷದ ಹಿಂದೆ ಮಾವ ಮೊಪೆಡ್ಡಿನ ಮುಂದೆ ಗಿಳಿಹಸಿರು ಪೇಂಟಿನ ಡಬ್ಬ ಇಟ್ಟುಕೊಂಡು ಹೋಗುವಾಗ, ಹೊಸದಾಗಿ ಹಾಕಿದ್ದ ಹಂಪಿನ ಮೇಲೆ ಬಿದ್ದ. ರಸ್ತೆಯ ಆ ಭಾಗ ಇನ್ನೂ ಹಸಿರಾಗಿದೆ. ಎಡ ಮೊಣಕೈ ಮುರಿದು, ಪ್ಲೇಟ್ ಹಾಕಿದರು. ಮೂಳೆ ಕೂಡಿತು, ಕೈ ನೆಟ್ಟಗಾಗಲಿಲ್ಲ. ಊಟ, ವ್ಯಾಪಾರ, ಜಗಳ ಯಾವುದಕ್ಕೂ ಅಡ್ಡಿಯಿಲ್ಲ. ಗಿಟಾರಿಗೆ ಮಾತ್ರ ಅಡ್ಡಿ. ಕೈ ಎಡಕ್ಕೆ ಎಂಟನೇ ಗೆರೆಯವರೆಗೆ ಹೋಗುತ್ತಿತ್ತು, ಅಲ್ಲಿಂದಾಚೆ ಇಲ್ಲ.

ಅವನ ಹಾಡುಗಳೆಲ್ಲ ಜಿ ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ಮೀಟುವ ಒಂದು ಸ್ವರಗುಚ್ಛದಲ್ಲಿ, ಶುರುವಾಗಿ, ಸಿ ಮತ್ತು ಡಿ ಮನೆಗಳಿಗೆ ಹೋಗಿ ಬಂದು, ಮತ್ತೆ ಜಿಯಲ್ಲೇ ಮಲಗುವಂಥವು. ಸಿ ಎಂಟನೇ ಗೆರೆಯಲ್ಲಿದೆ, ಡಿ ಹತ್ತರಲ್ಲಿ. ಎರಡಕ್ಕೂ ಕೈ ಎಟುಕುತ್ತಿತ್ತು. ಜಿ ಇರುವುದು ಮೂರರಲ್ಲಿ. ಹದಿನೈದನೇ ಗೆರೆಯಲ್ಲಿ ಇನ್ನೊಂದು ಜಿ ಇದೆ ನಿಜ, ಆದರೆ ಅದು ಕುಕ್ಕರ್ ಸೀಟಿ ಹೊಡೆದ ಹಾಗಿರುತ್ತದೆ. ಎದುರಿಗೇ ಮನೆ ಕಾಣುತ್ತದೆ, ಬಾಗಿಲು ತಲುಪುವುದಿಲ್ಲ ಎನ್ನುವ ಪರಿಸ್ಥಿತಿ.

ಇಷ್ಟರಲ್ಲಿ ಅವನ ಆರ್ಕೆಸ್ಟ್ರಾದ ಡ್ರಮ್ಸ್ ಬಾರಿಸುವ ಗೆಳೆಯನ ಷಷ್ಟಿಪೂರ್ತಿ ಬಂತು. ಚಿಕ್ಕಂದಿನಿಂದ ನಾನು ಅವರನ್ನು ಡ್ರಮ್ಸ್ ಮಾವ ಅನ್ನುತ್ತಿದ್ದೆ. ಹಳೇ ತಂಡವೆಲ್ಲ ಸೇರಿ ನುಡಿಸಬೇಕು ಎಂದು ಡ್ರಮ್ಸ್ ಮಾವನ ಆಸೆ. ಗಿಟಾರಿನ ಜಾಗಕ್ಕೆ ಅನಂತಪುರದಿಂದ ಒಬ್ಬ ಕೀಬೋರ್ಡಿನವನಿಗೆ ಹೇಳಿಟ್ಟಿದ್ದರು. ಒಂದು ಬಟನ್ ಒತ್ತಿದರೆ ಗಿಟಾರೇ ಬರುತ್ತದಂತೆ. ಇದನ್ನು ಮಾವನಿಗೆ ಬಂದು ಹೇಳಿದ್ದೂ ಅವರೇ, ಅದೂ ಕಾಫಿ ಕುಡಿಯುತ್ತ. ಆ ಭಾನುವಾರ ನಾನು ಹೋದಾಗ ಮಾವ ಅಂಗಡಿಯ ಮುಂದೆ ಪೆಟ್ಟಿಗೆಯನ್ನು ಹೊರಗಿಟ್ಟು ಕೂತಿದ್ದ.

"ತಗಂಡ್ ಹೋಗಮ್ಮಿ ಇದನ್ನ. ನಿಮ್ ಕಾಲೇಜಲ್ಲಿ ಮ್ಯೂಜಿಯಂ ಐತಲ್ಲ, ಕಲ್ಲು ಮಡಿಕೆ ಇಟ್ಟವ್ರಲ್ಲ, ಅಲ್ಲಿಡು."

"ನೀನು ನುಡಿಸಲ್ವಾ?"

"ಜಿ ಇಲ್ದೆ ಏನು ನುಡಿಸ್ಲಿ? ಉಪ್ಪಿಲ್ದೆ ಸಾರು ಮಾಡ್ಲಾ?"

ಒಳಗಿನಿಂದ ಅತ್ತೆ, "ಇಸ್ತ್ರಿ ಎಲ್ಲಿ ಮಾಡ್ಲಿ ನಾನು?" ಅಂದಳು. ಮಾವ ನಗಲಿಲ್ಲ. ಯಾರು ತಮಾಷೆ ಮಾಡಿದರೂ, ಅದರಲ್ಲೂ ತನ್ನ ಬಗ್ಗೆ ಮಾಡಿದರೆ, ಮೊದಲು ನಗುವವನು ಅವನು. ಅದಕ್ಕೇ ನಾನು ಎದುರು ಮಾತಾಡದೆ ಲಗೇಜ್ ಆಟೋ ಕರೆಸಿದೆ. ಹಿಂದೂಪುರಕ್ಕೆ ಬರುವ ದಾರಿ ಆಂಧ್ರದಿಂದ ಕರ್ನಾಟಕಕ್ಕೆ ಹೋಗಿ ಮತ್ತೆ ಆಂಧ್ರಕ್ಕೆ ಬರುತ್ತದೆ. ಪಾವಗಡದ ಹತ್ತಿರ ಒಬ್ಬ ಪೇದೆ ಆಟೋ ನಿಲ್ಲಿಸಿ, ಪೆಟ್ಟಿಗೆ ತೆಗೆಸಿ, ಬಹಳ ಹೊತ್ತು ನೋಡಿದ. "ಏನ್ ಮೇಡಂ ಇದು?" ಗಿಟಾರ್ ಎಂದೆ. ನನ್ನ ಮುಖವನ್ನೂ ಅಷ್ಟೇ ಹೊತ್ತು ನೋಡಿ ಬಿಟ್ಟ.

ಮನೆಯಲ್ಲಿ ಇಟ್ಟು ಒಂದು ವಾರ ಮುಟ್ಟಲಿಲ್ಲ. ನನಗೆ ಸಂಗೀತ ಬರುವುದಿಲ್ಲ. ಚಿಕ್ಕಂದಿನಲ್ಲಿ ಮಾವ ಅದೇ ಗಿಟಾರಿನ ಮೇಲೆ ಮೂರು ಹಾಡು ಕಲಿಸಿದ್ದ, ಅಷ್ಟೇ. ಆಮೇಲೆ ಪೆಟ್ಟಿಗೆಯ ತಳದಲ್ಲಿ ಲುಂಗಿಯ ಗಂಟು ಸಿಕ್ಕಿತು, ಅದರಲ್ಲಿ ಸರಳುಗಳು. ಫೋನಿನಲ್ಲಿ ಹುಡುಕಿದಾಗ ಅಮೆರಿಕದ ಒಬ್ಬ ಟೋಪಿ ತಾತ ಅಂಥದೇ ಮೇಜಿನ ಹಿಂದೆ ಕೂತು ಎರಡೂ ಕಾಲಲ್ಲಿ ಏನೋ ಮಾಡುತ್ತಿದ್ದ. ಅವನ ಇಂಗ್ಲಿಷು ನನಗೆ ರೂಪಾಯಿಗೆ ಮೂರಾಣೆಯಷ್ಟು ಅರ್ಥವಾಯಿತು. ಎಂ.ಎ. ಮಾಡಿದ ಧೈರ್ಯದಿಂದ ಸರಳುಗಳನ್ನು ಸಿಕ್ಕಿಸಿ, ಪೆಡಲ್ ತುಳಿದು ಮೀಟಿದೆ. ರಾಯದುರ್ಗದ ಮದುವೆ ಮರಳಿ ಬಂತು.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಗೋಡೆ. ಆಚೆ ರೇಷ್ಮೆ ಸೀರೆ ನೇಯುವ ಹೆಂಗಸು ಇದ್ದಾರೆ, ನನಗಿಂತ ಹತ್ತು ವರ್ಷ ದೊಡ್ಡವರು. ಮನೆಯೊಳಗೆ ಗುಂಡಿ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ದಿನವಿಡೀ ನೇಯುತ್ತಾರೆ. ಅವರ ಮಗ್ಗದ ಟಕಟಕ ಇಪ್ಪತ್ತು ವರ್ಷದಿಂದ ನನಗೆ ಗಡಿಯಾರ. ಆ ಸಂಜೆ ಟಕಟಕ ನಿಂತು, ಗೋಡೆಯ ಮೇಲೆ ತಲೆ ಕಾಣಿಸಿತು.

"ಏಮಮ್ಮಾ ಮೇಡಮ್ಮ, ಎಮ್ಮೆಗೇನಾಯ್ತು?"

"ಎಮ್ಮೆ ಅಲ್ಲ, ಗಿಟಾರು."

ಬಂದು ನೋಡಿದರು. ನೋಡಿದ್ದು ಮೇಲಿನ ತಂತಿಗಳನ್ನಲ್ಲ. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಅದರ ಅಡಿಗೆ ತೂರಿಸಿದರು.

"ತುಳೀರಿ. ಮೊದಲ್ನೇದು. ಬಿಡಿ. ಎರಡ್ನೇದು. ಮಗ್ಗಮೇ ಕದಮ್ಮಾ ಇದು, ಮಗ್ಗಾನೇ. ಕಾಲಲ್ಲಿ ತುಳಿದ್ರೆ ಮ್ಯಾಲೆ ಯಾವ್ದೋ ಎಳೆ ಎಳೀತದೆ. ನೀವು ಹಲಗೆಗೆ ಹಗ್ಗ ಅದಲುಬದಲು ಕಟ್ಟಿದೀರಿ. ಇಂಗೆ ಕಟ್ಟಿದ್ರೆ ಬಟ್ಟೆ ಬರಲ್ಲ, ಬಲೆ ಬತ್ತದೆ."

ಮೊದಲನೆಯ ಮತ್ತು ಮೂರನೆಯ ಸರಳುಗಳನ್ನು ಅವರೇ ಬದಲಾಯಿಸಿದರು. ಆಮೇಲೆ ಮನೆಗೆ ಹೋಗಿ ಕೆಂಪು ಮತ್ತು ಹಸಿರು ರೇಷ್ಮೆಯ ತುಂಡುಗಳನ್ನು ತಂದರು. ಹೊಸ ವಿನ್ಯಾಸಕ್ಕೆ ಮಗ್ಗ ಹೂಡುವಾಗ ಅವರು ಹಾಗೇ ಮಾಡುವುದಂತೆ: ಯಾವ ಹಲಗೆ ಯಾವ ಎಳೆಯನ್ನು ಎತ್ತುತ್ತದೆಂದು ಮೊದಲು ಗುರುತು, ನೇಯ್ಗೆ ಆಮೇಲೆ. ನಾನು ತುಳಿಯುತ್ತ ಹೋದೆ. ಅವರು ತಂತಿಗಳ ಮೇಲೆ ಬೆರಳಿಟ್ಟು, ಯಾವುದು ಬಿಗಿಯಾಗುತ್ತದೋ ಅದರ ತುದಿಗೆ ದಾರ ಕಟ್ಟಿದರು. ಮೊದಲ ಪೆಡಲ್ಲಿಗೆ ಎರಡು ತಂತಿ, ಕೆಂಪು. ಎರಡನೆಯದಕ್ಕೆ ಎರಡು, ಹಸಿರು. ಮೂರನೆಯ ಪೆಡಲ್ ಸದ್ಯಕ್ಕೆ ಬೇಡವೆಂದರು. ಒಂದೇ ದಿನ ಎಲ್ಲ ಹಲಗೆ ತುಳಿಯಲು ಹೋದವರು ಗುಂಡಿಗೆ ಬೀಳುತ್ತಾರಂತೆ.

"ಮೇಡಮ್ಮ, ಕೈ ಯಾಕೆ ಆ ಕಡೆ ಈ ಕಡೆ ಓಡುಸ್ತೀರಿ? ಕೈ ಅಲ್ಲೇ ಇರ್ಲಿ. ಕಾಲು ಯಾತಕ್ಕೈತೆ?"

ಸಂಗೀತದ ಶಾಸ್ತ್ರ ನನಗೆ ಹೇಳಿದವರಲ್ಲಿ ಇಷ್ಟು ಚಿಕ್ಕದಾಗಿ ಹೇಳಿದವರು ಬೇರೆ ಯಾರೂ ಇಲ್ಲ. ಬಾರನ್ನು ಹತ್ತನೇ ಗೆರೆಯಲ್ಲಿ ಇಟ್ಟು ಮೀಟಿದೆ: ಡಿ. ಬಾರ್ ಕದಲಿಸದೆ ಎರಡೂ ಪೆಡಲ್ ಒಟ್ಟಿಗೆ ತುಳಿದೆ. ಸ್ವರ ನಿಧಾನವಾಗಿ ಮೈ ಮುರಿದು ಇನ್ನೊಂದು ಕಡೆಗೆ ವಾಲಿ ನಿಂತಿತು. ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಮೂರನೇ ಗೆರೆಗೆ ಹೋಗಿ ಪೆಡಲ್ ಇಲ್ಲದೆ ಮೀಟಿ ನೋಡಿದೆ. ಅದೇ ಜಿ. ಕುಕ್ಕರ್ ಸೀಟಿ ಅಲ್ಲ, ಸಾಕ್ಷಾತ್ ಮಾವನ ಜಿ, ಹತ್ತನೇ ಗೆರೆಯಲ್ಲಿ ಕೂತಿದೆ. ಮೂವತ್ತು ವರ್ಷದಿಂದ ಅಲ್ಲೇ ಕೂತಿತ್ತು, ಇವನು ಅದರ ಸರಳು ಕಿತ್ತು ಲುಂಗಿಯಲ್ಲಿ ಸುತ್ತಿದ್ದ.

ಇನ್ನೊಂದು ಜಿ ಕೂಡ ಸಿಕ್ಕಿತು. ಎರಡು ದಿನದ ಮೇಲೆ, ಆರನೇ ಗೆರೆಯಲ್ಲಿ ಮೊದಲ ಪೆಡಲ್ ಮಾತ್ರ ತುಳಿದು ಕೂತಿದ್ದೆ. ಬರುತ್ತಿದ್ದುದು ಅಳುಮುಖದ ಜಿ, ಮೈನರ್ ಅನ್ನುತ್ತಾರೆ. ತೊಡೆಗೆ ಸೊಳ್ಳೆ ಕಡಿಯಿತು. ಮಂಡಿ ಅಲ್ಲಾಡಿ ಪಕ್ಕದ ಲಿವರಿಗೆ ತಗುಲಿತು. ಅಳುತ್ತಿದ್ದ ಜಿ ಥಟ್ಟನೆ ನಗುಮುಖವಾಯಿತು. ಕುಕ್ಕರ್ ಸೀಟಿ ಬಿಟ್ಟರೆ ಇದು ಜಿಗೆ ಮೂರನೆಯ ಜಾಗ. ಮಾವನ ಕೈ ಆರರವರೆಗೆ ಬರುವುದಿಲ್ಲ, ಆದ್ದರಿಂದ ಅವನಿಗೆ ಹೇಳಿ ಪ್ರಯೋಜನವಿಲ್ಲ ಎಂದುಕೊಂಡೆ. ಇದು ನಾನು ಆಗ ಕೊಟ್ಟುಕೊಂಡ ಕಾರಣ. ನಿಜವೇನೆಂದರೆ, ನಲವತ್ತೇಳು ವರ್ಷಕ್ಕೆ ನಾನಾಗಿ ಕಂಡುಹಿಡಿದ ಒಂದೇ ಒಂದು ವಸ್ತುವನ್ನು ಯಾರಿಗೂ ಕೊಡುವ ಮನಸ್ಸಿರಲಿಲ್ಲ.

ಹತ್ತರ ಜಿಯನ್ನು ಮಾತ್ರ ಮಾವನಿಗೆ ಫೋನಿನಲ್ಲಿ ಕೇಳಿಸಿದೆ.

"ಎಲ್ಲಿ ಬಾರ್ ಇಟ್ಟಿದೀನಿ ಹೇಳು."

"ಮೂರನೇ ಗೆರೆ. ಅದ್ರಾಗೇನೈತೆ?"

"ಹತ್ತನೇದು."

"ಸುಮ್ಕಿರಮ್ಮಿ. ಹತ್ತರಲ್ಲಿ ಡಿ ಐತೆ."

"ಪೆಡಲ್ ಬಿಟ್ರೆ ಡಿ. ತುಳಿದ್ರೆ ಜಿ."

ಆ ಕಡೆ ಅಂಗಡಿಯಲ್ಲಿ ಯಾರೋ ಅರ್ಧ ಇಂಚು ಪೈಪ್ ಕೇಳುತ್ತಿದ್ದರು. ಮಾವ ಅವರಿಗೆ "ಇಲ್ಲ, ಹೋಗಪ್ಪ" ಅಂದ. ಪೈಪಿನ ಅಂಗಡಿಯಲ್ಲಿ. ಆಮೇಲೆ ನನಗೆ, "ಇನ್ನೊಂದ್ಸಲಿ ಬಾರ್ಸು" ಅಂದ. ನಾಲ್ಕು ಸಲ ಬಾರಿಸಿದೆ. ಫೋನ್ ಅತ್ತೆಯ ಕೈಗೆ ಹೋಯಿತು.

"ಏನೇಳ್ದೆ ಕಣಮ್ಮ ನಿಮ್ ಮಾವಂಗೆ? ಶರ್ಟ್ ಹಾಕ್ಕಂಡು ನಿಂತವ್ರೆ. ಹಿಂದೂಪುರದ ಬಸ್ಸು ಎಷ್ಟೊತ್ತಿಗೆ ಅಂತಾವ್ರೆ."

ನಾನೇ ಶನಿವಾರ ಗಿಟಾರನ್ನು ವಾಪಸ್ಸು ಸಾಗಿಸಿದೆ. ಅದೇ ಪೇದೆ ಇದ್ದ. ಈ ಸಲ ಪೆಟ್ಟಿಗೆ ತೆಗೆಸಲಿಲ್ಲ, "ಇಸ್ತ್ರಿ ಆಯ್ತಾ ಮೇಡಂ?" ಎಂದು ಕೇಳಿ ಬಿಟ್ಟ.

ಪೇಂಟ್ ಡಬ್ಬಗಳ ನಡುವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾವ ಕೂತ. ಬಾರ್ ಹತ್ತರಲ್ಲಿ. ಕಣ್ಣು ಕೆಂಪು ಹಸಿರು ದಾರಗಳ ಮೇಲೆ. ತುಳಿದ, ಮೀಟಿದ. ಜಿ ಬಂತು. ತನ್ನ ಕಾಲನ್ನೇ ಯಾರೋ ಬೇರೆಯವರ ಕಾಲು ಎಂಬಂತೆ ನೋಡಿದ. ಎಂಟಕ್ಕೆ ಹೋಗಿ ಪೆಡಲ್ ಬಿಟ್ಟು ಸಿ. ಮತ್ತೆ ಹತ್ತಕ್ಕೆ ಬಂದು, ಬಿಟ್ಟಂತೆಯೇ ಡಿ, ತುಳಿದು ಜಿ. ಕೈ ಎರಡು ಗೆರೆಯ ಆಚೆ ಹೋಗಲಿಲ್ಲ. ಕಷ್ಟ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ, ಯಾಕೆಂದರೆ ಅವನು ಹಾಡು ಶುರುಮಾಡಿದ.

ಮೂವತ್ತು ವರ್ಷ ಆ ಎಡಗಾಲು ಸುಮ್ಮನೆ ಕೂತಿರಲಿಲ್ಲ, ತಾಳ ಹಾಕುತ್ತಿತ್ತು. ಈಗ ತಾಳ ಹಾಕಿದಾಗಲೆಲ್ಲ ಪೆಡಲ್ ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಕಾರ್ಡ್ ತೊಟ್ಟಿಲಿನಂತೆ ತೂಗಾಡಿತು. ತಾಳ ನಿಲ್ಲಿಸು ಅಂದರೆ ಹಾಡೇ ನಿಲ್ಲುತ್ತಿತ್ತು. ಬಲಗಾಲಿನಲ್ಲಿ ಹಾಕು ಅಂದೆ. ಬಲಗಾಲಿನ ಕೆಳಗೆ ಸದ್ದು ಏರಿಸಿ ಇಳಿಸುವ ಬೇರೆಯೇ ಒಂದು ವಾಲ್ಯೂಮಿನ ಪೆಡಲ್ ಇದೆ, ಸದ್ದು ತಾಳಕ್ಕೆ ತಕ್ಕಂತೆ ಉಬ್ಬಿ ಇಳಿಯಿತು. ಅತ್ತೆಯನ್ನು ಕರೆದು, ಎಡಗಾಲನ್ನು ಹಿಡಿದುಕೋ ಅಂದ.

"ಮದುವೇಲಿ ಒಂದ್ಸಲ ಹಿಡಿದಿದ್ದೇ ಸಾಕಾಗೈತೆ," ಅಂದಳು. ಆದರೂ ಕೂತು ಹಿಡಿದಳು. ಐದು ನಿಮಿಷಕ್ಕೆ ಅವಳ ಕೈಯೂ ತಾಳಕ್ಕೆ ಕುಣಿಯತೊಡಗಿತು.

ಕೊನೆಗೆ ಎಲೆಯಡಿಕೆ ಹಾಕಿಕೊಂಡು ದವಡೆಯಲ್ಲಿ ತಾಳ ಹಿಡಿಯುವ ಉಪಾಯ ಹೊಳೆಯಿತು. ಯಾರಿಗೆ ಹೊಳೆಯಿತು ಎನ್ನುವುದರಲ್ಲಿ ಒಮ್ಮತವಿಲ್ಲ. ಒಂದು ತಿಂಗಳು ಮಾವ ಹಾಗೇ ಅಭ್ಯಾಸ ಮಾಡಿದ. ಹಲ್ಲು ಕೆಂಪಾದವು, ಕಾಲು ಒಂದಿಷ್ಟು ಮಾತು ಕೇಳಿತು.

ಷಷ್ಟಿಪೂರ್ತಿಯ ದಿನ ಕಲ್ಯಾಣ ಮಂಟಪಕ್ಕೆ ಹೋದರೆ, ವೇದಿಕೆಯ ಮೇಲೆ ಕೀಬೋರ್ಡಿನವನೂ ಕೂತಿದ್ದ. ಮಾವನ ಮುಖ ನೋಡಿ ಡ್ರಮ್ಸ್ ಮಾವ, "ಇರ್ಲಿ ಕಣಪ್ಪ, ಸೇಫ್ಟಿಗೆ," ಅಂದರು. ಮಾವ ಸ್ಟೂಲ್ ಎಳೆದುಕೊಂಡ. ಎರಡನೇ ಸಾಲಿನಲ್ಲಿದ್ದ ನನಗೂ ಕಾಣುವಂತೆ ಎಲೆಯಡಿಕೆ ದವಡೆಗೆ ಒತ್ತಿಕೊಂಡು, ಬಾರನ್ನು ಹತ್ತನೇ ಗೆರೆಗೆ ಇಟ್ಟ. ಕೀಬೋರ್ಡಿನವನು ಬೆರಳುಗಳನ್ನು ಮನೆಗಳ ಮೇಲೆ ಇಟ್ಟುಕೊಂಡೇ ಇದ್ದ, ಬೆಕ್ಕು ಹಾಲಿನ ಪಾತ್ರೆಯ ಮುಂದೆ ಕೂತ ಹಾಗೆ.

ಮೊದಲ ಹಾಡು ದಾಟಿತು. ಜಿಯಲ್ಲಿ ಹುಟ್ಟಿ ಜಿಯಲ್ಲೇ ಮಲಗಿತು. ಎರಡನೆಯದರಲ್ಲಿ ಹಳಬರು ಚಪ್ಪಾಳೆ ತಟ್ಟತೊಡಗಿದರು. ಮಾವ ಖುಷಿಯಲ್ಲಿ ಅಗಿಯುವುದನ್ನು ಮರೆತ. ಎಡಗಾಲು ಎದ್ದಿತು. ಬಾರ್ ಹತ್ತರಲ್ಲಿತ್ತು. ತುಳಿದರೆ ಜಿ, ಬಿಟ್ಟರೆ ಡಿ. ಜಿ, ಡಿ, ಜಿ, ಡಿ. ನಾನು ಕಣ್ಣು ಮುಚ್ಚಿಕೊಂಡೆ, ರಾಯದುರ್ಗದ ನಗು ಬರಲಿ ಎಂದು ಕಾದೆ.

ಬರಲಿಲ್ಲ. ಜಿಯೂ ಡಿಯೂ ಒಂದೇ ಬೀದಿಯವು. ತಾಳಕ್ಕೆ ಸರಿಯಾಗಿ ಎದುರುಬದುರು ಬಾಗಿಲಲ್ಲಿ ನಿಂತು ಮಾತಾಡಿಕೊಂಡ ಹಾಗೆ ಕೇಳಿತು. ಡ್ರಮ್ಸ್ ಮಾವ ಒಮ್ಮೆ ತಲೆಯೆತ್ತಿ ನೋಡಿ, ಇದೇನೋ ಹೊಸ ವರಸೆ ಎಂದುಕೊಂಡು, ಆ ತೂಗಾಟಕ್ಕೆ ಸರಿಯಾಗಿ ಏಟು ಜೋಡಿಸಿದರು. ಎದುರಿನ ಮುದುಕರೊಬ್ಬರು ಎದ್ದು ಕುಣಿದರು. ಕೀಬೋರ್ಡಿನವನು ಬೆರಳು ತೆಗೆದು, ಕೈಕಟ್ಟಿ ಕೂತು, ಮಾವನ ಕಾಲನ್ನೇ ನೋಡುತ್ತಿದ್ದ.

ಊಟದ ಪಂಕ್ತಿಯಲ್ಲಿ ಮಾವನಿಗೆ ಮೆಲ್ಲಗೆ ಹೇಳಿದೆ, "ಕಾಲು ತಪ್ಪಿತ್ತು."

"ತಪ್ಪೋದೇನು? ಬೇಕಂತ್ಲೇ ಮಾಡ್ದೆ."

ಆಚೆ ಕೂತ ಕೀಬೋರ್ಡಿನವನಿಗೆ ಆಗಲೇ ವಿವರಿಸುತ್ತಿದ್ದ: ಇದು ತನ್ನ ಹಳೇ ಶೈಲಿ, ಎಲ್ಲರ ಮುಂದೆ ತೋರಿಸುವುದಿಲ್ಲ. ಅವತ್ತಿನ ಡೈರಿಯಲ್ಲಿ "ಕಾಲು ಜಾರಿತು, ಅದೃಷ್ಟ ಹಿಡಿಯಿತು" ಎಂದು ಬರೆದೆ. ಈಗ ಓದಿದರೆ ಅಷ್ಟು ಖಾತ್ರಿಯಿಲ್ಲ. ಮರುವಾರ ಅದೇ ಹಾಡನ್ನು ಅದೇ ತರ ನುಡಿಸಿ ತೋರಿಸಿದ. ಮೂರು ಸಲ.

ಎರಡು ತಿಂಗಳ ಮೇಲೆ ಅತ್ತೆಯ ಫೋನು. ಮಾವ ತಂತಿ ಬದಲಾಯಿಸಿದ್ದಾನೆ, ಹಳೇ ತಂತಿಗಳ ಜತೆ ದಾರಗಳೂ ಹೋಗಿವೆ. ಕೆಂಪು ಕಾಣದಿದ್ದರೆ ಕಾಲು ಏಳುವುದಿಲ್ಲವಂತೆ. ಅಂದಹಾಗೆ ವ್ಯಾಯಾಮ ಮಾಡಿ ಕೈ ಈಗ ಆರನೇ ಗೆರೆವರೆಗೆ ಬರುತ್ತಿದೆಯಂತೆ. ಯಾವ ತಂತಿಗೆ ಕೆಂಪು, ಯಾವುದಕ್ಕೆ ಹಸಿರು?

ಡೈರಿ ತೆಗೆದೆ. ಪೇದೆ ಇದ್ದಾನೆ, ಸೊಳ್ಳೆ ಇದೆ, ಟೋಪಿ ತಾತನ ಟೋಪಿಯ ಬಣ್ಣವೂ ಇದೆ. ತಂತಿಯ ಲೆಕ್ಕ ಇಲ್ಲ. ಗೋಡೆಯ ಹತ್ತಿರ ಹೋಗಿ ಕೇಳಿದೆ. ಒಳಗೆ ಮಗ್ಗ ನಿಲ್ಲಲೂ ಇಲ್ಲ.

"ಕೂತೋರ ಹೊಟ್ಟೆ ಕಡೆಯಿಂದ ಒಂದು, ಆರು ಕೆಂಪು. ಐದು, ಎಂಟು ಹಸಿರು. ಎಲ್ಲಾ ಬರ್ಕೋತಿದ್ರಲ್ಲ ಮೇಡಮ್ಮ, ಇದು ಬರ್ಕೊಳ್ಳಿಲ್ವಾ?"

ಅತ್ತೆಗೆ ಹೇಳಿದೆ. "ದಾರ ಎಲ್ಲೈತೆ ಕಣಮ್ಮ ನಮ್ಮನೇಲಿ," ಅಂದಳು, "ನಿಮ್ ಮಾವ ಪೇಂಟ್ ಡಬ್ಬ ತೆಗೀತಾವ್ರೆ."

ತಂತಿಗೆ ಪೇಂಟ್ ಬಳಿಯಬೇಡ ಎಂದು ಮಾವನಿಗೆ ಹೇಳುವಷ್ಟರಲ್ಲಿ ಗೋಡೆಯ ಮೇಲಿನಿಂದ ಎರಡು ದಾರದ ತುಂಡುಗಳು ನನ್ನ ಕೈಗೆ ಬಂದಿದ್ದವು. ಒಂದು ಕಾಗದಕ್ಕೆ ಸುತ್ತಿದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಕಲ್ಯಾಣದುರ್ಗದ ಬಸ್ಸಿನ ಡ್ರೈವರಿಗೆ ಕೊಟ್ಟರೆ ಸಂಜೆಗೆ ಅಂಗಡಿ ತಲುಪುತ್ತದೆ. ಕಾಗದದ ಮೇಲೆ ತಂತಿಯ ಲೆಕ್ಕ ಬರೆದೆ. ಬಸ್ಸು ಹೊರಡಲು ಇನ್ನೂ ಸಮಯವಿತ್ತು. ಕಾಗದವನ್ನು ಮತ್ತೆ ಬಿಚ್ಚಿ ಕೆಳಗೆ ಸೇರಿಸಿದೆ: ಆರನೇ ಗೆರೆ, ಮೊದಲ ಪೆಡಲ್, ಎಡಮಂಡಿಯನ್ನು ಪಕ್ಕಕ್ಕೆ ಒತ್ತು, ಅಲ್ಲೊಂದು ಜಿ ಇದೆ.

ಅದನ್ನೂ ತಾನೇ ಕಂಡುಹಿಡಿದೆ ಎಂದು ಊರಿಗೆಲ್ಲ ಹೇಳುತ್ತಾನೆ, ಗೊತ್ತು. ಡೈರಿಯಲ್ಲಿ ಮಾತ್ರ ಸರಿಯಾಗಿ ಬರೆದಿಟ್ಟಿದ್ದೇನೆ, ಸೊಳ್ಳೆಯ ಪಾಲನ್ನೂ ಸೇರಿಸಿ.